ಪಟ್ಟಿಯಲ್ಲಿಲ್ಲದವಳು

ತಾರವ್ವ ಹುಟ್ಟುವುದಕ್ಕೆ ಆರು ತಿಂಗಳು ಮೊದಲೇ ಅವಳ ಸಲುವಾಗಿ ಒಬ್ಬರು ಜಗಳಾಡಿದ್ದರು. ಅದೊಂದನ್ನು ಬಿಟ್ಟರೆ ಮುಂದೆ ಹದಿನಾರು ವರ್ಷ ಅವಳ ಪರವಾಗಿ ಬಾಯಿ ತೆರೆದವರು ಯಾರೂ ಇಲ್ಲ.

ಜಗಳಾಡಿದವಳು ಅವಳ ಆಯಿ, ಅಪ್ಪನ ತಾಯಿ ಲಗಮವ್ವ. ತೊಂಬತ್ತಮೂರರ ಬೇಸಿಗೆ. ಹಿನ್ನೀರು ಬಂದರೆ ಮುಳುಗುವ ಊರೆಂದು ಬೀಳಗಿ ಕಡೆಯ ಆ ಹೊಳೆದಂಡೆಯ ಊರಿಗೆ ಸರ್ವೆಯವರು ಬಂದಿದ್ದರು. ಪ್ರತಿ ಮನೆಯ ಬಾಗಿಲ ಚೌಕಟ್ಟಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು, ಒಳಗೆ ಎಷ್ಟು ಮಂದಿ, ಯಾರು ಯಾರು, ಎಷ್ಟೆಷ್ಟು ವಯಸ್ಸು ಎಂದು ಕೇಳಿ ಉದ್ದನೆಯ ಹಾಳೆಯಲ್ಲಿ ತುಂಬಿಕೊಳ್ಳುತ್ತಿದ್ದರು. ಮನೆ ನಂಬರು ಅರವತ್ತೊಂದರಲ್ಲಿ ಲಗಮವ್ವ, ಅವಳ ಹಿರಿಯ ಮಗ ಗಿರಮಲ್ಲಪ್ಪ, ಸೊಸೆ ಸತ್ಯವ್ವ, ಕಿರಿಯ ಮಗ ಬಸಗೊಂಡಪ್ಪ, ಮೂರು ವರ್ಷದ ಮೊಮ್ಮಗ ದುಂಡೇಶ. ಐದು ಜನ.

"ಇನ್ನೊಂದು ಬರಕೋರಿ," ಎಂದಳು ಲಗಮವ್ವ. "ಸೊಸಿ ಹೊಟ್ಟ್ಯಾಗ ಐತಿ. ದೀಪಾವಳಿಗೆ ಹೊರಗ ಬರತೈತಿ."

ಬರೆಯುವವನು ನಕ್ಕ. ಹೆಸರೇನು ಬರೆಯಲಿ ಎಂದು ಕೇಳಿದ. ಹೆಸರು ನಾನು ಆಮೇಲೆ ಕೊಡುತ್ತೇನೆ, ನೀನು ಜಾಗ ಬಿಡು ಎಂದಳು ಮುದುಕಿ. ಅವನು ಜಾಗ ಬಿಡಲಿಲ್ಲ. ಐದನೆಯ ಹೆಸರಿನ ಕೆಳಗೆ ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಒಟ್ಟು ಐದು ಎಂದು ಬರೆದು, ತಾರೀಖು ಹಾಕಿ, ಗಿರಮಲ್ಲಪ್ಪನ ಹೆಬ್ಬಟ್ಟು ಒತ್ತಿಸಿಕೊಂಡು, ಒಂದು ನಕಲು ಕೊಟ್ಟು ಹೋದ. ದೀಪಾವಳಿಯ ಹೊತ್ತಿಗೆ ತಾರವ್ವ ಹುಟ್ಟಿದಳು. ಸರ್ವೆಯವರು ಮತ್ತೆ ಬರಲಿಲ್ಲ.

ಆ ನಕಲು ಮನೆಯಲ್ಲಿ ದೇವರ ಪಕ್ಕದ ವಸ್ತುವಾಯಿತು. ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಕಂಬಳಿಯ ತುಂಡಿನಲ್ಲಿ ಸುತ್ತಿ, ತಗಡಿನ ಟ್ರಂಕಿನ ತಳದಲ್ಲಿ ಇಟ್ಟರು. ಕೀಲಿ ಲಗಮವ್ವನ ಸೊಂಟದಲ್ಲಿ. ವರ್ಷಕ್ಕೊಮ್ಮೆ ದೀಪಾವಳಿಗೆ ಬೀರೇಶ್ವರನ ಫೋಟೊದ ಮುಂದೆ ಅದನ್ನಿಟ್ಟು ಅರಿಶಿನ ಕುಂಕುಮ ಏರಿಸುವರು. ಅದರೊಳಗೆ ಇರದ ಒಬ್ಬಳೇ ಮಗಳಿಗೆ ಮನೆಯವರು ಇಟ್ಟ ಅಡ್ಡಹೆಸರು 'ಪಟ್ಟಿ ಬಿಟ್ಟಾಕಿ'. ಬುಟ್ಟಿಯಲ್ಲಿ ರೊಟ್ಟಿ ಒಂದು ಕಡಿಮೆ ಬಿದ್ದರೆ, ಚಳಿಗೆ ಕಂಬಳಿ ಸಾಲದಿದ್ದರೆ, ದುಂಡೇಶ ನಗುತ್ತಾ ಅನ್ನುವನು, ಪಟ್ಟಿ ಬಿಟ್ಟಾಕಿ ಅದಾಳಲ್ಲ, ಆಕಿಗೆ ಬ್ಯಾಡ ಬಿಡ್ರಿ. ಕೂಸು ಇದ್ದಾಗ ಅವಳೂ ನಗುತ್ತಿದ್ದಳು.

ತೊಂಬತ್ತೆಂಟರ ಹೊತ್ತಿಗೆ ಊರು ದಿಬ್ಬದ ಮೇಲಿನ ಪುನರ್ವಸತಿ ಕೇಂದ್ರಕ್ಕೆ ಬಂದಿತ್ತು. ಹಳೆಯ ಮನೆಯ ತೊಲೆ, ಬಾಗಿಲು, ಚೌಕಟ್ಟು ಎಲ್ಲವನ್ನೂ ಗಾಡಿಯ ಮೇಲೆ ಹೇರಿಕೊಂಡು ಬಂದು ಹೊಸ ಗೋಡೆಗೆ ಕೂಡಿಸಿದ್ದರು. ಕೆಂಪು ಅರವತ್ತೊಂದು ಹಾಗೇ ಇತ್ತು. ಬಸಗೊಂಡಪ್ಪನಿಗೆ ಜಮಖಂಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ಜವಾನನ ನೌಕರಿ ಸಿಕ್ಕಿತ್ತು. ಮನೆಯಲ್ಲಿ ಕಾಗದ ಬಲ್ಲವನು ಅವನೊಬ್ಬನೇ, ಹಾಗಾಗಿ ಮಕ್ಕಳ ಹೆಸರನ್ನು ಸಾಲೆಗೆ ಹಚ್ಚಲು ಅವನೇ ರಜೆ ಹಾಕಿ ಬಂದ. ಊರು ಎತ್ತುವ ಗದ್ದಲದಲ್ಲಿ ದುಂಡೇಶನಿಗೆ ಎಂಟು ವರ್ಷವಾಗಿಬಿಟ್ಟಿತ್ತು. ಅವ್ವ, ಅಪ್ಪ, ಆಯಿ ಮೂವರೂ ಕುರಿಯ ಹಿಂದೆ ಹೋದರೆ ಸಣ್ಣವಳನ್ನು ಯಾರು ನೋಡಬೇಕು? ಅವಳನ್ನೂ ಅಣ್ಣನ ಜೊತೆಗೇ ನೂಕಿಬಿಟ್ಟರಾಯಿತು ಎಂದು ಠರಾವಾಯಿತು. ತಾರವ್ವನಿಗೆ ಆಗ ನಾಲ್ಕೂವರೆ.

ಮಾಸ್ತರರು ಆ ಕಾಲದ ಪರೀಕ್ಷೆ ಮಾಡಿದರು. ಬಲಗೈಯನ್ನು ತಲೆಯ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ವರ್ಷ ತುಂಬಿದ ಹಾಗೆ. ತಾರವ್ವನ ಬೆರಳು ಬೈತಲೆ ದಾಟಿ ಎರಡು ಅಂಗುಲಕ್ಕೆ ನಿಂತಿತು. ಕಾಕಾ ಬಸಗೊಂಡಪ್ಪ ಹಿಂದೆ ನಿಂತು ಅವಳ ತಲೆಯನ್ನು ಹಿಡಿದು ಬಲಕ್ಕೆ ಒತ್ತಿದ. ಕಿವಿ ಬೆರಳಿನ ಹತ್ತಿರ ಬಂತು. "ಮುಟ್ತು ನೋಡ್ರಿ ಸರ," ಎಂದ. ಮಾಸ್ತರರು ಒಂದು-ಆರು-ತೊಂಬತ್ತೆರಡು ಎಂದು ಬರೆದರು. ಆ ವರ್ಷ ಒಂದನೆಯ ಇಯತ್ತೆಗೆ ಸೇರಿದ ಮೂವತ್ತೊಂದು ಮಕ್ಕಳಲ್ಲಿ ಇಪ್ಪತ್ತೆಂಟು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ಇನ್ನೊಬ್ಬರ ತಾರೀಖನ್ನು ಇಷ್ಟು ಸಲೀಸಾಗಿ ಬರೆಯುವ ಕೈಗಳು ತಮ್ಮ ಸಂಬಳದ ತಾರೀಖನ್ನು ಎಂದಾದರೂ ತಪ್ಪಿ ಬರೆದಾವೇ? ತಾರವ್ವನ ಕುತ್ತಿಗೆ ಎರಡು ದಿನ ನೋಯುತ್ತಿತ್ತು. ಆಯಿ ಉಪ್ಪಿನ ಶಾಖ ಕೊಟ್ಟಳು.

ಮರುತಿಂಗಳು ಕಾಕಾನ ಜೊತೆ ಜಮಖಂಡಿಗೆ ಬಸ್ಸಿನಲ್ಲಿ ಹೋಗುವಾಗ ಕಂಡಕ್ಟರ್ ಟಿಕೀಟು ಕೇಳಿದ. ಕಾಕಾ ಅವಳನ್ನು ತೊಡೆಯ ಮೇಲೆಳೆದುಕೊಂಡು, ಇನ್ನೂ ಐದು ತುಂಬಿಲ್ಲ ಎಂದ. ತಾರವ್ವ ದೊಡ್ಡ ದನಿಯಲ್ಲಿ, "ನನಗ ಆರು. ಸಾಲ್ಯಾಗ ಬರದಾರ," ಎಂದಳು. ಬಸ್ಸೆಲ್ಲ ನಕ್ಕಿತು. ಕಾಕಾ ತೊಡೆಗೆ ಚಿವುಟಿದ ಗುರುತು ನೀಲಿಯಾಗಿತ್ತು. ಆ ದಿನ ಕಾಕಾ ಹೇಳಿದ್ದೇ ಖರೆ ಎಂಬುದು ಅವಳಿಗೆ ಗೊತ್ತಾಗಲು ಬಹಳ ವರ್ಷ ಬೇಕಾಯಿತು. ದೊಡ್ಡವರಿಗೆ ಬೇಕಾದಾಗ ಅವಳು ದೊಡ್ಡವಳು, ಬೇಡವಾದಾಗ ಸಣ್ಣವಳು.

ಹದಿಮೂರನೆಯ ದೀಪಾವಳಿಗೆ ಕಣ್ಣು ಮಂಜಾಗಿದ್ದ ಆಯಿ, ಆ ಕಾಗದದಲ್ಲಿ ಏನೇನಿದೆ ಓದು ಎಂದಳು. ತಾರವ್ವ ಓದಿದಳು. ಐದು ಹೆಸರು, ಐದು ವಯಸ್ಸು, ಗೆರೆ. ಗೆರೆಯ ಕೆಳಗೆ ಖಾಲಿ ಹಾಳೆ ಅಂಗೈಯಗಲ ಇತ್ತು. ಇಷ್ಟು ಜಾಗ ಇದ್ದೂ ಬರೆಯಲಿಲ್ಲವಲ್ಲ ಎಂದು ಅವಳಿಗೆ ಮೊದಲ ಸಲ ಸಿಟ್ಟು ಬಂತು. ಯಾರದೋ ಕೈಬರಹದಿಂದ ಮನೆಯೊಳಗೆ ಒಬ್ಬಳು ಇಲ್ಲದವಳಾಗುತ್ತಾಳೆ ಎಂದಾದರೆ, ಆ ಕೈ ತನ್ನದೇ ಆಗಬೇಕು ಎಂದು ಅವತ್ತು ಅವಳ ತಲೆಯಲ್ಲಿ ಕೂತಿತು.

ಅಲ್ಲಿಂದ ತಾರವ್ವ ತನ್ನನ್ನು ತಾನೇ ಬೇರೆ ಮಾಡಿಕೊಳ್ಳತೊಡಗಿದಳು. ಕೆಂಪು ರಿಬ್ಬನ್ನಿನ ಎರಡು ಜಡೆ ಬಿಚ್ಚಿ ಒಂದೇ ಹೆರಳು ಹಾಕಿದಳು. ನಗುವಾಗ ಸೆರಗಿನಿಂದ ಬಾಯಿ ಮುಚ್ಚುವ ಅವ್ವನ ಚಾಳಿ ತನಗೂ ಬಂದದ್ದನ್ನು ಗಮನಿಸಿ, ಅಂಗೈಯನ್ನು ಬೇಕೆಂದೇ ತೊಡೆಯ ಮೇಲೆ ಇಟ್ಟುಕೊಂಡು ನಗುವುದನ್ನು ಕಲಿತಳು. ಪಂಚಾಯ್ತಿಯ ಕಟ್ಟೆಗೆ ಹೋಗಿ ಅಂಟಿಸಿದ ನೋಟೀಸುಗಳನ್ನು ನಿಂತು ಓದುವಳು. ಸರಕಾರದ ಕಾಗದ ಹೇಗೆ ಮಾತಾಡುತ್ತದೆ ಎಂಬುದನ್ನು ಕಿವಿಗೆ ಹಾಕಿಕೊಳ್ಳುವಳು. ಬಗಲಮನೆಯ ಬೋರವ್ವನಿಗೆ ಮೊದಲ ಅರ್ಜಿ ಬರೆದುಕೊಟ್ಟಳು: ನಳ ಹಾಕಿದ್ದಾರೆ, ನೀರು ಬಿಟ್ಟಿಲ್ಲ. ನೀರು ಬರಲಿಲ್ಲ. ಆದರೆ ಎಂಟು ದಿನಕ್ಕೆ ನಳವನ್ನು ನೋಡಲಿಕ್ಕೆ ಒಬ್ಬ ಮನುಷ್ಯ ಬಂದ. ಆ ಕೇಂದ್ರಕ್ಕೆ ಅದೇ ದೊಡ್ಡ ಸುದ್ದಿ. ಮುಂದೆ ಪಿಂಚಣಿ, ರೇಶನ್ ಕಾರ್ಡು, ಹಕ್ಕುಪತ್ರ ಎಂದು ಜನ ಮಡಿಲಲ್ಲಿ ಶೇಂಗಾ ಕಟ್ಟಿಕೊಂಡು ಬರತೊಡಗಿದರು. ಏ ತಾರೀ ಎನ್ನುತ್ತಿದ್ದವರು, "ಒಂದೀಟು ಬರದ ಕೊಡವಾ ತಾರವ್ವ," ಎಂದರು. ವರ್ಷ ಕಳೆಯುವುದರೊಳಗೆ ಗಂಡಸರೂ, "ಬರದ ಕೊಡ್ರಿ," ಎಂದರು. ಆ 'ರಿ' ಕೇಳಿದ ದಿನ ಅವಳು ಮನೆಗೆ ಬಂದು ಯಾರಿಗೂ ಹೇಳದೆ ಎರಡು ರೊಟ್ಟಿ ಹೆಚ್ಚು ತಿಂದಳು.

ತಲಾಟಿ ಆಗಬೇಕು ಎಂದು ನಿಶ್ಚಯಿಸಿದಳು. ಊರಿನ ಪಟ್ಟಿಗಳನ್ನೆಲ್ಲ ಬರೆಯುವ ತಲಾಟಿ.

ಪಿಯುಸಿ ಓದಲು ಜಮಖಂಡಿಯ ಕಾಕಾನ ಮನೆಗೆ ಬಂದಳು. ನಸುಕಿನಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ಕಾಕಿಯ ಮಕ್ಕಳಿಗೆ ತಲೆ ಬಾಚಿ, ಕಾಲೇಜಿಗೆ ಓಡುವುದು. ದೂರುವಂಥದ್ದೇನಲ್ಲ, ಉಣ್ಣುವ ಮನೆಯಲ್ಲಿ ದುಡಿಯಬೇಕು ಎಂದು ಅವಳೂ ಒಪ್ಪಿದ್ದಳು. ಎರಡು ಸಾವಿರದ ಹತ್ತರ ಮೇ ತಿಂಗಳಲ್ಲಿ ಫಲಿತಾಂಶ ಬಂತು. ಫಸ್ಟ್ ಕ್ಲಾಸು. ಕಾಕಾ ಅವಳ ಹತ್ತನೆಯ ಇಯತ್ತೆಯ ಅಂಕಪಟ್ಟಿಯನ್ನೂ ಸೇರಿಸಿ ಮೂರು ಜೆರಾಕ್ಸ್ ಮಾಡಿಸಿದ. ಕಾಲೇಜಿನ ಅರ್ಜಿಗೆ ಇರಬೇಕೆಂದು ಅವಳು ತಿಳಿದಳು. ಒಂದು ಜೆರಾಕ್ಸು ರಬಕವಿಯ ಶಿವಯೋಗೆಪ್ಪನ ಮನೆಗೆ ಹೋಗಿತ್ತು. ಅವರ ಮಗ ಹುಲೆಪ್ಪನಿಗೆ ಮುಧೋಳ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ನೌಕರಿ, ವಯಸ್ಸು ಇಪ್ಪತ್ತೆಂಟು. ಹೆಣ್ಣು ನೋಡಲು ಬಂದಾಗ ಅವನು ಅವಳನ್ನು ಕೇಳಿದ್ದು ಒಂದೇ ಮಾತು, ಗಾಡಿ ಹತ್ತಲು ಅಂಜಿಕೆ ಇದೆಯೇ ಎಂದು. ಅವಳು ಉತ್ತರ ಕೊಡುವ ಮೊದಲೇ ಕಾಕಿ, ಏನೂ ಇಲ್ಲ ಎಂದುಬಿಟ್ಟಳು.

ಮದುವೆ ಜೂನ್ ಆರು, ರವಿವಾರ.

"ನಾ ಕಾಯ್ದೆ ಮುರಿಯಾವ ಅಲ್ಲ," ಎಂದು ಕಾಕಾ ಎಲ್ಲರೆದುರು ಹೇಳಿದ. "ಒಂದನೇ ತಾರೀಖಿಗೆ ಹದಿನೆಂಟು ತುಂಬತಾವ. ಆರನೇ ತಾರೀಖಿಗೆ ಅಕ್ಕಿಕಾಳು. ಯಾವನೂ ಬೆರಳು ಮಾಡಿ ತೋರಸಂಗಿಲ್ಲ."

ತಾರವ್ವ ಅವ್ವನ ಮುಂದೆ ಅತ್ತಳು. ನನಗೆ ಹದಿನಾರೂವರೆ, ನೀನೇ ಹೆತ್ತಿದ್ದೀ, ನಿನಗೆ ಗೊತ್ತಿಲ್ಲವೇ ಎಂದಳು. ಸತ್ಯವ್ವ ಹಿಟ್ಟು ನಾದುತ್ತಲೇ, ನನಗೆ ಹದಿನಾಲ್ಕಕ್ಕೆ ಆಯಿತು, ನಿಮ್ಮ ಆಯಿಗೆ ಹನ್ನೊಂದಕ್ಕೆ, ನೀನೇನು ಸತ್ತುಹೋಗುತ್ತೀಯಾ ಎಂದಳು. ಅಪ್ಪನ ಹತ್ತಿರ ಹೋದಳು. ಕುರಿಯ ತುಟಿ ಎತ್ತಿ ಹಲ್ಲು ನೋಡಿದರೆ ಅದಕ್ಕೆ ಎಷ್ಟು ವರ್ಷ, ಯಾವ ಸುಗ್ಗಿಯಲ್ಲಿ ಹುಟ್ಟಿದ್ದು ಎಂದು ಹೇಳುವ ಮನುಷ್ಯ ಗಿರಮಲ್ಲಪ್ಪ. ಮಗಳ ವಯಸ್ಸು ಕೇಳಿದರೆ, ಕಾಕಾಗ ಕೇಳವಾ, ಅಂವಗ ಗೊತ್ತು, ಎಂದ.

ಶುಕ್ರವಾರ ಅವಳು ಒಬ್ಬಳೇ ತಾಲೂಕಿನ ಕಚೇರಿಗೆ ಹೋದಳು, ಹೆಣ್ಣುಮಕ್ಕಳ ದೂರು ಕೇಳುವವರ ಹತ್ತಿರ. ಅಲ್ಲಿದ್ದ ನಡುವಯಸ್ಸಿನ ಮೇಡಂ ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರು. ಹತ್ತನೆಯ ಇಯತ್ತೆಯ ಅಂಕಪಟ್ಟಿ ನೋಡಿ, ಇದರಲ್ಲಿ ತೊಂಬತ್ತೆರಡು ಇದೆಯಲ್ಲ, ನಾನು ಏನೆಂದು ತಡೆಯಲಿ ಎಂದರು. ಅವಳು ಹುಟ್ಟಿದ್ದನ್ನು ಗ್ರಾಮ ಚಾವಡಿಯಲ್ಲಿ ಬರೆಸಿರಲಿಲ್ಲ. ಹೊರಡುವಾಗ ಮೇಡಂ ಬಾಗಿಲ ತನಕ ಬಂದು, "ಇದಕ್ಕಿಂತ ಹಳೇದು, ಸರಕಾರದ್ದು, ಏನರ ಇದ್ರ ತಗೊಂಡು ಬಾ ತಂಗಿ," ಎಂದರು.

ಬಸ್ಸಿನಲ್ಲಿ ಕೂತು ಅರ್ಧ ದಾರಿ ಬಂದಿದ್ದಳು. ಹಿನ್ನೀರಿನ ಅಂಚಿನಲ್ಲಿ ಬೇಸಿಗೆಗೆ ಮೇಲೆದ್ದ ಹಳೆಯ ಊರಿನ ಮೊಂಡು ಗೋಡೆಗಳು ಕಿಟಕಿಯಿಂದ ಕಂಡವು. ಆಗ ಅವಳಿಗೆ ಹೊಳೆಯಿತು. ತೊಂಬತ್ತೆರಡರ ಜೂನಿನಲ್ಲಿ ತಾನು ಹುಟ್ಟಿದ್ದೇ ಖರೆಯಾದರೆ, ತೊಂಬತ್ತಮೂರರ ಬೇಸಿಗೆಯ ಪಟ್ಟಿಯಲ್ಲಿ ಹನ್ನೊಂದು ತಿಂಗಳ ಒಂದು ಹೆಣ್ಣುಕೂಸು ಇರಬೇಕಾಗಿತ್ತು.

ಮನೆ ಮುಟ್ಟಿದವಳೇ ಆಯಿಯ ಮುಂದೆ ಕೂತು ಕೀಲಿ ಕೇಳಿದಳು. ದೀಪಾವಳಿ ಅಲ್ಲದೆ ಆ ಟ್ರಂಕು ತೆರೆದದ್ದಿಲ್ಲ. ಯಾಕೆ ಎಂದಳು ಮುದುಕಿ. ತಾರವ್ವ ಹೇಳಿದಳು. ಲಗಮವ್ವ ಸೊಂಟದಿಂದ ಕೀಲಿ ಬಿಚ್ಚಿ ಅವಳ ಮಡಿಲಿಗೆ ಹಾಕಿದಳು. ಮರುದಿನ ಮದುವೆ ಸಾಮಾನಿನ ಓಡಾಟದಲ್ಲಿ ಅವಳನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅದರ ಮರುದಿನ ರವಿವಾರ, ಕಚೇರಿ ಮುಚ್ಚಿರುತ್ತದೆ. ರವಿವಾರವೇ ಜವಳಿ ತರುವುದು ಎಂದು ಠರಾವಾಗಿತ್ತು. ಸೀರೆ ಕೊಂಡು ಕುಂಕುಮ ಹಚ್ಚಿಬಿಟ್ಟರೆ ಅರ್ಧ ಮದುವೆ ಆದ ಹಾಗೆ. ಆಮೇಲೆ ತಿರುಗಿ ಬರುವ ದಾರಿ ಯಾವ ಮನೆಯಲ್ಲೂ ಇಲ್ಲ.

ಮೇ ಮೂವತ್ತು. ರಬಕವಿಯ ಆ ಸೀರೆ ಅಂಗಡಿಯಲ್ಲಿ ಗೋಡೆಯಿಂದ ಗೋಡೆಗೆ ಬಿಳಿ ಗಾದಿ ಹಾಸಿತ್ತು. ಹಿಂದಿನ ಓಣಿಯ ಮಗ್ಗಗಳ ಸದ್ದು ಒಳಗೂ ಕೇಳುತ್ತಿತ್ತು. ಎರಡೂ ಮನೆಯವರು ಎದುರುಬದುರು ಕೂತರು. ಅಂಗಡಿಯವನು ಒಂದರ ಮೇಲೊಂದು ಸೀರೆ ಬಿಚ್ಚಿ ಎಸೆಯುತ್ತಿದ್ದ. ಹೆಂಗಸರು ಸೆರಗು ಎಳೆದೆಳೆದು ನೋಡುತ್ತಿದ್ದರು, ದಡಿ ಸಣ್ಣದಾಯಿತು, ಈ ಬಣ್ಣ ಆಕಿಗೆ ಹೊಂದಂಗಿಲ್ಲ, ಮೈಬಣ್ಣ ಕಡಿಮಿ ಐತಿ ಎನ್ನುತ್ತಿದ್ದರು. ಯಾವ ಸೀರೆ ಬೇಕೆಂದು ತಾರವ್ವನನ್ನು ಯಾರೂ ಕೇಳಲಿಲ್ಲ. ಶಿವಯೋಗೆಪ್ಪ ಒಂದು ಮೂಲೆಯಲ್ಲಿ ಚಹಾ ಕುಡಿಯುತ್ತಾ ಬಸಗೊಂಡಪ್ಪನಿಗೆ, ಎಲ್ಲಾ ಕಾಗದ ಸರಿ ಅದಾವಲ್ರಿ, ಈಗ ಕಾಲ ಛಲೋ ಇಲ್ಲ, ಎಂದು ಮತ್ತೊಮ್ಮೆ ಕೇಳಿದ. ಕಾಕಾ ನಕ್ಕು, ಜೆರಾಕ್ಸ್ ನಿಮ್ಮ ಹತ್ತಿರವೇ ಇದೆಯಲ್ಲ ಎಂದ.

ತಾರವ್ವ ಚೀಲದಲ್ಲಿ ತಂದಿದ್ದ ಕಂಬಳಿಯ ತುಂಡನ್ನು ಬಿಚ್ಚಿದಳು. ಅರಿಶಿನದ ಕಲೆ ಬಿದ್ದ ಹಾಳೆಯನ್ನು ಹಸಿರು ಸೀರೆಯೊಂದರ ಮೇಲೆ ಹರವಿ, ಅರ್ಜಿ ಓದಿ ತೋರಿಸುವ ದನಿಯಲ್ಲಿ ಓದಿದಳು. ಊರ ಹೆಸರು. ಮನೆ ನಂಬರು ಅರವತ್ತೊಂದು. ಐದು ಹೆಸರು, ಐದು ವಯಸ್ಸು. ತಾರೀಖು. ಒಟ್ಟು ಐದು.

ಅಂಗಡಿಯವನ ಕೈ ನಿಂತಿತು.

"ಇದು ತೊಂಬತ್ತಮೂರನೇ ಇಸವಿ ಬ್ಯಾಸಿಗಿದ್ರಿ," ಎಂದಳು ಶಿವಯೋಗೆಪ್ಪನ ಕಡೆ ತಿರುಗಿ. "ನಿಮ್ಮ ಹತ್ರ ಇರೂ ಜೆರಾಕ್ಸಿನ್ಯಾಗ ನಾ ಹುಟ್ಟಿದ್ದು ತೊಂಬತ್ತೆರಡು ಅಂತ ಐತಿ. ಹಂಗಾರ ಇದರಾಗ ನಾ ಎಲ್ಲಿ ಅದೀನಿ, ನೀವ ಹುಡುಕಿ ಹೇಳ್ರಿ."

ಕಾಕಾ ಹಾಳೆಗೆ ಕೈ ಹಾಕಿದ. ಅದನ್ನು ಮೊದಲು ಹಿಡಿದದ್ದು ಲಗಮವ್ವ. ಮುದುಕಿಗೆ ಅಕ್ಷರ ಬರುವುದಿಲ್ಲ. ಆದರೆ ಗೆರೆ ಎಲ್ಲಿದೆ ಎಂಬುದು ಗೊತ್ತು. ಅದರ ಕೆಳಗೆ ಬೆರಳಿಟ್ಟಳು.

"ಇಲ್ಲಿ ಜಾಗಾ ಬಿಡು ಅಂದಿದ್ದೆ ನಾ. ಆಗ ಈಕಿ ಹೊಟ್ಟ್ಯಾಗ ಮೂರ ತಿಂಗಳು. ಸೊಸಿ ಬಾಗಿಲಾಗ ಕುಂತು ವಾಂತಿ ಮಾಡಾಕತ್ತಿದ್ಲು. ಬಸ್ಯಾ, ನೀನೂ ಅಲ್ಲೇ ನಿಂತಿದ್ದಿ. ಇಲ್ಲಂತ ಹೇಳು ನೋಡೂಣು."

ಬಸಗೊಂಡಪ್ಪ ಹಾಳೆಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಗಿರಮಲ್ಲಪ್ಪ ಅದುವರೆಗೆ ತನ್ನ ರುಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅದನ್ನು ನೋಡುತ್ತಲೇ, ಖರೆ ಐತಿ, ಆ ವರ್ಷ ದೀಪಾವಳಿ ಮುಂದ ಬಿಳಿ ಕುರಿ ಅವಳಿ ಈದಿತ್ತು, ಎರಡ ದಿನಕ್ಕ ಈಕಿ ಹುಟ್ಟಿದ್ಲು, ಎಂದ. ಹದಿನಾರು ವರ್ಷ ಗೊತ್ತಿದ್ದ ಮಾತು. ಆ ಕ್ಷಣದಲ್ಲಿ ತಾರವ್ವನಿಗೆ ಕಾಕಾನಿಗಿಂತ ಅಪ್ಪನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಶಿವಯೋಗೆಪ್ಪ ಚಹಾದ ಕಪ್ಪು ಕೆಳಗಿಟ್ಟ. ನನ್ನ ಮಗನದು ಕಾಯಂ ನೌಕರಿ, ನಾಳೆ ಯಾರಾದರೂ ಒಂದು ಅರ್ಜಿ ಬರೆದರೆ ಕೇಸಾಗುತ್ತದೆ, ನೌಕರಿ ಹೋಗುತ್ತದೆ ಎಂದ. ಅರ್ಜಿ ಬರೆಯುವವಳು ಎದುರಿಗೇ ಕೂತಿದ್ದಾಳೆಂದು ಕಾಕಿ ಹಲ್ಲು ಕಚ್ಚಿ ಅಂದಳು. ಗಂಡಿನ ಕಡೆಯವರು ಎದ್ದರು. ಹೋಗುವಾಗ ಶಿವಯೋಗೆಪ್ಪನ ಹೆಂಡತಿ, ಕೂಸಿಗೆ ಹದಿನಾರೇ ಅಂತ ಮೊದಲೇ ಹೇಳಬಾರದಿತ್ತೇ ಎಂದಳು, ತೂಕ ಕಡಿಮೆ ಬಂದ ಸಾಮಾನಿಗೆ ಅಂದ ಹಾಗೆ. ಅವಳಿಗೆ ಹದಿನಾರು ಎಂದು ಅಲ್ಲಿ ಒಬ್ಬರೂ ಮರುಗಲಿಲ್ಲ. ಮರುಗಿದ್ದು ಒಬ್ಬ ಗಂಡಸಿನ ನೌಕರಿಗೆ. ಮದುವೆ ನಿಂತಿತು, ಸರಿ. ಆದರೆ ನಿಂತ ಕಾರಣವನ್ನು ತಾರವ್ವ ಇವತ್ತಿಗೂ ಕ್ಷಮಿಸಿಲ್ಲ.

ಅಂಗಡಿಯ ಮೆಟ್ಟಿಲ ಮೇಲೆ ಕಾಕಾ ತನ್ನ ಕಡೆಯ ಮಾತು ಆಡಿದ. "ಶಾಣ್ಯಾಕಿ ಆದಿ. ಈಗ ಹದಿನಾರು ಅಂದ್ಯಲ್ಲ, ತಲಾಟಿ ಅರ್ಜಿ ಹೆಂಗ ಹಾಕ್ತಿ? ಅದಕ್ಕೂ ಹದಿನೆಂಟು ಬೇಕು. ನಾ ಕೊಟ್ಟ ತಾರೀಖಿನ ಮ್ಯಾಲ ನೌಕರಿ ಹಿಡೀತಿ, ಮದಿವಿ ಬ್ಯಾಡ ಅಂತಿ?"

ಅದು ಅವಳು ಯೋಚಿಸಿರದ ಮಾತಲ್ಲ. ಟ್ರಂಕಿನ ಮುಂದೆ ಕೂತಾಗಲೇ ಯೋಚಿಸಿದ್ದಳು. ಸುಳ್ಳು ಹೇಳಿದವನು ಅವನು, ಒಂದೂವರೆ ವರ್ಷ ಕಳೆದುಕೊಳ್ಳುವವಳು ಇವಳು.

"ಹಾಕೂದಿಲ್ರಿ ಕಾಕಾ," ಎಂದಳು. "ಖರೇ ಹದಿನೆಂಟು ತುಂಬಿದ ಮ್ಯಾಲ ಹಾಕ್ತೀನಿ. ಅಲ್ಲೀತನಕ ಸಾಲೀ ತಾರೀಖು ತಿದ್ದಸಾಕ ಕೋರ್ಟಿಗೆ ಹೊಕ್ಕೀನಿ. ಸಾಕ್ಷಿಗೆ ನಿಮ್ಮನ್ನೂ ಕರಸ್ತಾರ, ಬರ್ರಿ."

ಅವಳ ಬಟ್ಟೆಯ ಗಂಟು, ಪುಸ್ತಕ ಎಲ್ಲಾ ಜಮಖಂಡಿಯ ಮನೆಯಿಂದ ಮರುದಿನವೇ ಬಸ್ಸಿನಲ್ಲಿ ಬಂದವು. ಅವ್ವ ಎರಡು ದಿನ ಮುಖ ತಿರುಗಿಸಿಕೊಂಡೇ ಓಡಾಡಿದಳು. ರೊಟ್ಟಿಯನ್ನು ಮಾತ್ರ ಎಣಿಸದೆ ಹಾಕಿದಳು.

ಮಂಗಳವಾರ ಜೂನ್ ಒಂದು, ಕಾಗದದ ಲೆಕ್ಕದಲ್ಲಿ ತಾರವ್ವನಿಗೆ ಹದಿನೆಂಟು ತುಂಬಿದ ದಿನ. ಪುನರ್ವಸತಿ ಕೇಂದ್ರದ ಸಾಲೆ ತೆರೆದಿತ್ತು. ಬೋರವ್ವ ತನ್ನ ಮೊಮ್ಮಗಳ ಹೆಸರು ಹಚ್ಚಬೇಕು, ಜೊತೆಗೆ ಬಾ ಎಂದು ಕರೆದಿದ್ದಳು. ವರಾಂಡದಲ್ಲಿ ಐದಾರು ಮಂದಿ ಕೂಸುಗಳನ್ನು ಹಿಡಿದು ಸಾಲಾಗಿ ನಿಂತಿದ್ದರು. ಮಾಸ್ತರರು ಬದಲಾಗಿದ್ದರು, ಪರೀಕ್ಷೆ ಬದಲಾಗಿರಲಿಲ್ಲ. ಮುಂದಿದ್ದ ಹುಡುಗಿ ಬಲಗೈಯನ್ನು ತಲೆಯ ಮೇಲಿಂದ ಎಸೆದು ಕಿವಿ ಹುಡುಕುತ್ತಿದ್ದಳು. ಅವಳ ಅಪ್ಪ ಹಿಂದೆ ನಿಂತು ತಲೆಯನ್ನು ಒತ್ತುತ್ತಿದ್ದ.

ತಾರವ್ವ ಸಾಲು ಬಿಟ್ಟು ಮುಂದೆ ಹೋಗಿ ಅವನ ಕೈ ಹಿಡಿದಳು.

"ತಲಿ ಬಿಡ್ರಿ. ಕುತ್ತಿಗಿ ನೋಯತೈತಿ."

ಅವನು ಬಿಟ್ಟ. ಕೂಸಿನ ಕೈ ಬೈತಲೆ ದಾಟಿ ಎರಡು ಅಂಗುಲಕ್ಕೆ ನಿಂತಿತ್ತು. ತಾರವ್ವ ಕುಕ್ಕರಗಾಲಲ್ಲಿ ಕೂತು ಅದರ ಅವ್ವನನ್ನು, ಕೂಸು ಯಾವಾಗ ಹುಟ್ಟಿತು ಎಂದು ಕೇಳಿದಳು. ಆ ಹೆಂಗಸು, ಇಸವಿ ಗೊತ್ತಿಲ್ಲ, ದೊಡ್ಡ ಹೊಳೆ ಬಂದು ನಮ್ಮ ಕಬ್ಬು ಕೊಚ್ಚಿಹೋಯಿತಲ್ಲ, ಅದರ ಹಿಂದಿನ ಪಂಚಮಿಗೆ ಎಂದಳು. ಮಾಸ್ತರರು, ಅದೆಲ್ಲ ಎಲ್ಲಿ ಹುಡುಕುತ್ತಾ ಕೂರುವುದು, ಹಿಂದೆ ಸಾಲಿದೆ ಎಂದರು.

ತಾರವ್ವ ಚೀಲದಿಂದ ಪೆನ್ನು ತೆಗೆದಳು. "ಹುಡುಕೂಣ್ರಿ ಸರ," ಎಂದಳು. "ಹೊಳಿ ಬಂದ ವರ್ಷದ ಪಂಚಾಂಗ ತರಸ್ರಿ."